ದೀರ್ಘಸೇವಾ ಪದಕಗಳ ಪೂರ್ವೋತ್ತರ

ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಅರಸರು ಪಾರಿತೋಷಕವನ್ನೀಯುವ ಸಂಪ್ರದಾಯವು ಪುರಾತನವಾದುದೇ ಸರಿ. ಆದರೆ ಮಹಾಸಾಹಸಕ್ಕೆ ಅವಕಾಶವೊದಗದೆ, ಪಹರೆಯಲ್ಲಿಯೂ ಕವಾಯತಿನಲ್ಲಿಯೂ ಯೌವನವನ್ನೆಲ್ಲ ಸವೆಸಿದ ಸಾಮಾನ್ಯ ಸಿಪಾಯಿಯ ಸೇವೆಯೂ ಗೌರವಾರ್ಹವೆಂಬ ಭಾವನೆ ರಾಜಶಾಸನದಲ್ಲಿ ಮೂಡಿದುದು ಬಹಳ ತಡವಾಗಿ. ಫ್ರಾನ್ಸಿನ ಹದಿನೈದನೆಯ ಲೂಯಿ ದೊರೆಯು 1771ರಲ್ಲಿ, 8 ವರ್ಷ ದುಡಿದವನ ತೋಳಿಗೆ ಒಂದು ಪಟ್ಟಿಯನ್ನೂ, 16 ವರ್ಷದವನಿಗೆ ಎರಡನ್ನೂ, 24 ವರ್ಷ ಪೂರೈಸಿದವನ ಎದೆಗೆ ಎರಡು ಖಡ್ಗಗಳ ಲಾಂಛನವನ್ನೂ ವಿಧಿಸಿದನು. ಪ್ರಷ್ಯದಲ್ಲಿ ಇಂತಹ ಗೌರವವು 1825ರಲ್ಲಿ ಸ್ಥಾಪಿತವಾಯಿತು.

ಇಂಗ್ಲೆಂಡಿನಲ್ಲಿ ನಾಲ್ಕನೆಯ ವಿಲಿಯಂ 1830ರಲ್ಲಿ ಭೂಸೈನ್ಯಕ್ಕಾಗಿ ಸ್ಥಾಪಿಸಿದ ಬೆಳ್ಳಿಯ ಪದಕವೇ ಮುಂದಿನ ಪದಕಗಳಿಗೆಲ್ಲ ಮಾದರಿ. ಪದಾತಿಗೆ 21 ವರ್ಷ, ಅಶ್ವಾರೋಹಿಗೆ 24 ವರ್ಷ. ಕಾಲಾವಧಿಯೊಡನೆ ಕಳಂಕರಹಿತವಾದ ನಡತೆಯೂ ಅವಶ್ಯ. ಶಿಸ್ತು ಬಹುಮಟ್ಟಿಗೆ ಚಾವಟಿಯನ್ನೇ ನೆಮ್ಮಿಕೊಂಡಿದ್ದ ಆ ಕಾಲದಲ್ಲಿ, ಸಚ್ಚಾರಿತ್ರ್ಯಕ್ಕೆ ದಂಡನೆಯ ಭಯವಲ್ಲದೆ ಸನ್ಮಾನದ ಆಸೆಯೂ ಪ್ರೇರಕವಾಗಬಲ್ಲುದೆಂದು ಒಪ್ಪಿಕೊಂಡುದು ಸಣ್ಣ ಮಾತಲ್ಲ. ಪದಕದ ಅಂಚಿನಲ್ಲಿ ಸಿಪಾಯಿಯ ಹೆಸರನ್ನೇ ಕೆತ್ತುತ್ತಿದ್ದರು; ದಳದ ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಿದ್ದವನಿಗೆ ಇದರಿಂದ ದೊರೆತ ವ್ಯಕ್ತಿತ್ವವನ್ನು ಚರಿತ್ರಕಾರರು ಸಾಕಷ್ಟು ಗಮನಿಸಿಲ್ಲವೆಂದೇ ನನ್ನ ಅಭಿಪ್ರಾಯ. ನೌಕಾದಳಕ್ಕೆ 1831ರಲ್ಲಿ ಪ್ರತ್ಯೇಕ ಪದಕ ಬಂದಿತು. ವಿಕ್ಟೋರಿಯಾ ರಾಣಿ 1837ರಲ್ಲಿ ಪಟ್ಟಕ್ಕೇರಿದಾಗ, ಸ್ತ್ರೀಗೆ ಉತ್ತರಾಧಿಕಾರವಿಲ್ಲದ ಹ್ಯಾನೋವರ್ ಸಂಸ್ಥಾನವು ಕೈತಪ್ಪಿದುದರಿಂದ ಅದರ ಲಾಂಛನವು ಭೂಸೈನ್ಯದ ಪದಕದಿಂದಲೂ ಅಳಿಯಿತು.

ಇಂಡಿಯಾದಲ್ಲಿ ಈ ಗೌರವವು ಇಳಿದುಬಂದ ಕ್ರಮವು ವಿಚಾರಣೀಯವಾದುದು. ಈಸ್ಟ್ ಇಂಡಿಯಾ ಕಂಪನಿಯು ದೇಶೀಯ ಅಧಿಕಾರಿಗಳ ದೀರ್ಘವೂ ನಿಷ್ಠಾಯುತವೂ ಆದ ಸೇವೆಗಾಗಿ 1837ರಲ್ಲಿ ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾವನ್ನು ಏರ್ಪಡಿಸಿ, ಮೊದಲನೆಯ ದರ್ಜೆಯವರಿಗೆ ‘ಸರ್ದಾರ್ ಬಹಾದೂರ್’, ಎರಡನೆಯವರಿಗೆ ‘ಬಹಾದೂರ್’ ಎಂಬ ಬಿರುದುಗಳನ್ನು ಕೊಟ್ಟಿತು. 1848ರಲ್ಲಿ ತನ್ನ ಯುರೋಪಿಯನ್ ಸೈನಿಕರಿಗೆ ದೀರ್ಘಸೇವಾ ಪದಕವನ್ನೂ ಮಾಡಿಸಿತು. ಆದರೆ ಅದೇ ಬಿಸಿಲಿನಲ್ಲಿ ಅದೇ ದಾರಿಗಳನ್ನು ನಡೆದ ದೇಶೀಯ ಸಿಪಾಯಿಯೂ ಹವಾಲ್ದಾರನೂ ತಮ್ಮದೇ ಪದಕಕ್ಕಾಗಿ 1888ರವರೆಗೆ ಕಾಯಬೇಕಾಯಿತು. ಈ ವಿಳಂಬವನ್ನು ಆಡಳಿತದ ಅಲಕ್ಷ್ಯವೆಂದಷ್ಟೇ ತಿಳಿಯುವುದು ಸಾಧ್ಯವಿಲ್ಲ. ಯಾರ ನಿಷ್ಠೆಗೆ ಎಷ್ಟು ಬೆಲೆಯೆಂಬ ಗಣನೆಯೇ ಇದರಲ್ಲಿ ಅಡಗಿದ್ದಿತು.

ಪೊಲೀಸರ ಹಾಗೂ ಅಗ್ನಿಶಾಮಕರ ಪಾಲಿಗೆ ನಿರೀಕ್ಷೆ ಇನ್ನೂ ದೀರ್ಘವಾದುದು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ದಳವು ಸೈನಿಕ ಪದಕಕ್ಕಿಂತ ಒಂದು ವರ್ಷ ಮೊದಲೇ, 1829ರಲ್ಲಿಯೇ, ಹುಟ್ಟಿದ್ದರೂ ಬ್ರಿಟನ್ನಿನ ಪೊಲೀಸರಿಗೆ ದೊರೆಯ ಹೆಸರಿನ ದೀರ್ಘಸೇವಾ ಪದಕವು ದೊರೆತುದು 1951ರಲ್ಲಿ, 22 ವರ್ಷಗಳ ಸೇವೆಗೆ. ವಸಾಹತುಗಳ ಪೊಲೀಸರಿಗೂ ಅಗ್ನಿಶಾಮಕರಿಗೂ 1934ರಲ್ಲಿಯೇ ಇಂತಹ ಪದಕಗಳಿದ್ದುವೆಂಬುದು ಆಶ್ಚರ್ಯಕರ. ಸ್ವದೇಶದ ಅಗ್ನಿಶಾಮಕರ ಸರದಿ 1954ರಲ್ಲಿ ಬಂದಿತು. ಅವರ ಪದಕದ ಒಂದು ಮುಖದಲ್ಲಿ ನೀರಿನ ಕೊಳವೆಯನ್ನು ಹಿಡಿದು ಶ್ರಮಿಸುತ್ತಿರುವ ಇಬ್ಬರ ಚಿತ್ರವಿದೆ. ಎಲ್ಲ ದರ್ಜೆಯವರಿಗೂ, ಅಂಶಕಾಲಿಕ ಸೇವಕರಿಗೂ ಅದು ಸಲ್ಲುತ್ತಿದ್ದಿತೆಂಬುದು ಅದರ ಹಿರಿಮೆ. ಹಗಲೆಲ್ಲ ಬೇರೆ ಕಸುಬಿನಲ್ಲಿದ್ದು ಕರೆಗಂಟೆ ಬಾರಿಸಿದೊಡನೆ ಬೆಂಕಿಗೆ ಧಾವಿಸಿದವನ 20 ವರ್ಷಗಳೂ ಲೆಕ್ಕಕ್ಕೆ ಬಂದುವು.

ಸ್ವತಂತ್ರ ಭಾರತವು 1971ರಲ್ಲಿ 9 ಮತ್ತು 20 ವರ್ಷಗಳ, 1980ರಲ್ಲಿ 30 ವರ್ಷಗಳ ಸೇವಾಪದಕಗಳನ್ನು ಸ್ಥಾಪಿಸಿ, ಅವುಗಳನ್ನು ಸಿಪಾಯಿಯಿಂದ ಸೇನಾಪತಿಯವರೆಗೆ ಸಮಾನವಾಗಿ ಹಂಚಿತು. ನಡತೆಗೆ ಪ್ರಮಾಣ ಬೇಕಾದುದು ಕೆಳದರ್ಜೆಯವರಿಗೆ ಮಾತ್ರವೆಂದು ಭಾವಿಸಿ ಅಧಿಕಾರಿಗಳನ್ನು ಬಹುಕಾಲ ಹೊರಗಿಟ್ಟಿದ್ದ ಬ್ರಿಟಿಷ್ ಸೈನ್ಯವು, ನೇರವಾಗಿ ನೇಮಕಗೊಂಡ ಅಧಿಕಾರಿಗಳಿಗೂ ತನ್ನ ದೀರ್ಘಸೇವಾ ಪದಕವನ್ನು ತೆರೆದಿಟ್ಟುದು 2016ರಲ್ಲಿ.