ಇಂಗಿತ: ಅಲುಗಾಟದಿಂದ ಹೇಳಿಕೆಯವರೆಗೆ

1983ರ ಫೆಬ್ರವರಿಯಲ್ಲಿ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಲಂಡನ್ ಕಚೇರಿಗೆ ಮಾಸ್ಕೋದಿಂದ ಗುಪ್ತ ಸೂಚನೆಯೊಂದು ಬಂತು. ಸರ್ಕಾರಿ ಕಟ್ಟಡಗಳಲ್ಲಿ ರಾತ್ರಿ ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತದೆ, ಹೊರಗೆ ಎಷ್ಟು ಕಾರುಗಳು ನಿಂತಿರುತ್ತವೆ, ರಕ್ತದಾನಿಗಳಿಗೆ ಕೊಡುವ ಹಣ ಏರಿದೆಯೇ, ಇವನ್ನೆಲ್ಲ ನೋಡಿ ತಿಳಿಸಬೇಕು. ಅಮೆರಿಕ ಮತ್ತು ನೇಟೊ ಅಣ್ವಸ್ತ್ರ ದಾಳಿಗೆ ಮನಸ್ಸು ಮಾಡಿದ್ದರೆ ಅದು ಇಂಥ ಕಡೆ ಹೊರಬೀಳದೆ ಇರದೆಂಬ ಲೆಕ್ಕಾಚಾರ. 1981ರಲ್ಲಿ ಶುರುವಾದ ಈ ಕಾರ್ಯಾಚರಣೆಯ ಹೆಸರು ‘ರ್‍ಯಾನ್’.

ಮಾಸ್ಕೋ ಹುಡುಕುತ್ತಿದ್ದುದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಇಂಗಿತ. ಸಂಸ್ಕೃತದ ‘ಇಂಗ್’ ಧಾತುವಿಗೆ ಅಲುಗು, ಚಲಿಸು ಎಂದರ್ಥ. (ನೀರು ಇಂಗುವುದಕ್ಕಾಗಲಿ ಒಗ್ಗರಣೆಯ ಇಂಗಿಗಾಗಲಿ ಇದರ ನಂಟಿಲ್ಲ.) ಮೊದಲು ಬರೀ ಅಲುಗಾಟ, ಆಮೇಲೆ ಹುಬ್ಬು, ಕಣ್ಣು, ಕೈಗಳ ಸನ್ನೆ, ಕೊನೆಗೆ ಸನ್ನೆಯ ಹಿಂದಿನ ಮನಸ್ಸು. ದೂತನಾದವನು ಇಂಗಿತ ಬಲ್ಲವನಾಗಿರಬೇಕೆಂದು ಮನುಸ್ಮೃತಿ ಹೇಳುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಅರ್ಥಶಾಸ್ತ್ರದ ಮಾತು ಇನ್ನೂ ಖಚಿತ. ಕೌಟಿಲ್ಯನಿಗೆ ಇಂಗಿತವೆಂದರೆ ಎಂದಿನದಕ್ಕಿಂತ ಬೇರೆಯಾದ ನಡೆ. ಎಂದಿನದು ಯಾವುದೆಂದೇ ತಿಳಿಯದವನಿಗೆ ಬೇರೆಯಾದದ್ದು ಕಾಣುವುದಾದರೂ ಹೇಗೆ?

ಕೆಜಿಬಿ ಎಡವಿದ್ದು ಇಲ್ಲೇ. ಬ್ರಿಟನ್ನಿನಲ್ಲಿ ರಕ್ತಕ್ಕೆ ಹಣವನ್ನೇ ಕೊಡುವುದಿಲ್ಲ! ತಡರಾತ್ರಿಯ ದೀಪ ಕಸ ಗುಡಿಸುವವರದೂ ಇದ್ದೀತು. ಲಂಡನ್ನಿನಲ್ಲಿದ್ದ ಅಧಿಕಾರಿಗಳಿಗೆ ದಾಳಿಯ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಆದರೂ ಮೇಲಿನವರು ಕೇಳಿದ್ದನ್ನು ಬರೆದು ಕಳಿಸಿದರು. ಅದೇ ವರ್ಷದ ನವೆಂಬರಿನಲ್ಲಿ ನೇಟೊ ‘ಏಬಲ್ ಆರ್ಚರ್’ ಎಂಬ ತಾಲೀಮಿನಲ್ಲಿ ಅಣ್ವಸ್ತ್ರ ಬಳಕೆಯ ಆದೇಶ ಸಾಗುವ ಬಗೆಯನ್ನು ಅಭ್ಯಾಸ ಮಾಡಿದಾಗ, ಪೂರ್ವ ಜರ್ಮನಿ ಮತ್ತು ಪೋಲೆಂಡಿನಲ್ಲಿದ್ದ ಸೋವಿಯತ್ ವಾಯುಪಡೆಯ ತುಕಡಿಗಳು ಸಜ್ಜಾಗಿ ನಿಂತವು. ಅಪಾಯ ಎಷ್ಟು ಹತ್ತಿರವಿತ್ತೆಂಬ ಬಗ್ಗೆ ಇತಿಹಾಸಕಾರರಲ್ಲಿ ಈಗಲೂ ಒಮ್ಮತವಿಲ್ಲ. ಮಾಸ್ಕೋದ ಭಯ ನಾಟಕವಲ್ಲವೆಂದು ಪಶ್ಚಿಮಕ್ಕೆ ತಿಳಿಸಿದವನು ಅದೇ ಲಂಡನ್ ಕಚೇರಿಯ ಒಲೆಗ್ ಗೊರ್ಡಿಯೆವ್‌ಸ್ಕಿ. ಅವನು ಕೆಜಿಬಿ ಅಧಿಕಾರಿ, ಬ್ರಿಟನ್ನಿನ ಗೂಢಚಾರನೂ ಹೌದು.

ಕನ್ನಡದಲ್ಲಿ ಈ ಪದಕ್ಕೆ ಈಚೆಗೆ ಇನ್ನೊಂದು ತಿರುವು ಸಿಕ್ಕಿದೆ. ಅಧ್ಯಕ್ಷರೊಬ್ಬರು ಪತ್ರಿಕಾಗೋಷ್ಠಿ ಕರೆದು ತಮ್ಮ ಬೇಡಿಕೆ ಹೇಳಿದರೂ ನಮ್ಮ ವರದಿಗಳಲ್ಲಿ ಅವರು ‘ಇಂಗಿತ ವ್ಯಕ್ತಪಡಿಸುತ್ತಾರೆ’. ಬಾಯಿಬಿಟ್ಟು ಹೇಳಿದ್ದು ಹೇಳಿಕೆ. ಹೇಳದೆ ಹೊರಬಿದ್ದದ್ದು ಇಂಗಿತ. ಭಾಷೆ ಬದಲಾಗುತ್ತದೆ ನಿಜ, ಆದರೆ ದೊಡ್ಡ ದೇಶಗಳ ಸುದ್ದಿ ಬರೆಯುವವರಿಗೆ ಈ ಎರಡೂ ಬೇಕು. ಅಧ್ಯಕ್ಷರು ಹೇಳಿದ್ದನ್ನು ದಯವಿಟ್ಟು ‘ಹೇಳಿದರು’ ಎಂದೇ ಬರೆಯಿರಿ.