ಸೈಕಲ್ ಅಂಗಡಿಯಿಂದ ಹರಿಹರದ ಲೇಥ್‌ವರೆಗೆ

ದಾವಣಗೆರೆಯಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಗೆ ಒಂದು ಲೇಥ್ ಅಂಗಡಿಯಿದೆ. ಹಳೆಯ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ, ಗಿರಾಕಿ ಕೇಳಿದ ರೂಪಕ್ಕೆ ಹೊಸದಾಗಿ ಕಟ್ಟಿಕೊಡುವುದು ಅಲ್ಲಿಯ ಮೇಸ್ತ್ರಿಯ ಕಸುಬು. ಆ ಸದ್ದಿಗೆ ನನ್ನ ಭಾನುವಾರದ ನಿದ್ದೆ ಕೆಟ್ಟು, ಒಮ್ಮೆ ಜಗಳ ಆಡಲೆಂದೇ ಹೋದೆ. ಹೋದವಳು ನೋಡುತ್ತಾ ನಿಂತುಬಿಟ್ಟೆ. ಮಕ್ಕಳು ಪೆನ್ಸಿಲ್ ಹೆರೆದಾಗ ಸಿಪ್ಪೆ ಬರುವ ಹಾಗೆ ಕಬ್ಬಿಣ ಸುರುಳಿ ಸುರುಳಿಯಾಗಿ ಬೀಳುತ್ತಿತ್ತು. "ಈ ಬುಶ್ಶು ಪೇಟೇಲಿ ಸಿಗಲ್ಲ ಮೇಡಂ, ನಾವೇ ಮಾಡ್ಕೋಬೇಕು" ಎಂದರು.

ಸಿಗುವುದಾದರೂ ಹೇಗೆ? ಮೈಸೂರಿನಲ್ಲಿ 1961ರಿಂದ ಜಾವಾ ಬೈಕುಗಳನ್ನೂ 1973ರಿಂದ ಅವನ್ನೇ ಯೆಜ್ಡಿ ಎಂಬ ಹೆಸರಿನಲ್ಲೂ ತಯಾರಿಸುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಕಡ್ಡಿ! ನಮ್ಮ ಕಾಲದ ಹುಡುಗರು ಅದಕ್ಕೆ ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ.

ಮೇಸ್ತ್ರಿ ಮೊದಲು ಸೈಕಲ್ ಪಂಕ್ಚರ್ ಹಾಕುತ್ತಿದ್ದರು, ಆಮೇಲೆ ಲಾರಿ ಗ್ಯಾರೇಜು, ಆಮೇಲೆ ಈ ಲೇಥು. "ಒಂದು ಕಡೆ ನಿಂತ ಮನುಷ್ಯನೇ ಅಲ್ಲ" ಎಂದು ಅವರ ಹೆಂಡತಿ ದೂರಿದರು. ನನ್ನ ಕಣ್ಣು ಲೇಥಿನ ಮೇಲಿದ್ದ ಅಕ್ಷರಗಳ ಮೇಲೆ ಬಿತ್ತು: ಮೈಸೂರು ಕಿರ್ಲೋಸ್ಕರ್, ಹರಿಹರ. ಒಂದು ಕಡೆ ನಿಲ್ಲದ ಇನ್ನೊಬ್ಬರ ಕಥೆ ನೆನಪಾಯಿತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಬೇಕೆಂದು ಮುಂಬಯಿಯ ಕಲಾಶಾಲೆಗೆ ಹೋದರು. ಕೆಲವು ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕುಂಚ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ಅಲ್ಲಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟರಾದರು. (ನಮ್ಮ ಜಾತಿಯವರೇ ಅನ್ನಿ!) ಬೆಳಗಾವಿಯಲ್ಲಿ ಅಣ್ಣನ ಜೊತೆ ಸೇರಿ 1888ರಲ್ಲಿ ತೆರೆದದ್ದು ಸೈಕಲ್ ಅಂಗಡಿ. ನ್ಯಾಯವಾಗಿ ಬರಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಮೇಷ್ಟರ ಕೆಲಸ ಬಿಟ್ಟು ಊರಿಗೆ ಬಂದರು. ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಗುಲಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ಹೆದರಿದರು. ಎರಡು ವರ್ಷ ಕೊಳ್ಳುವವರೇ ಇರಲಿಲ್ಲ ಎನ್ನುತ್ತಾರೆ. ಬೆಳಗಾವಿಯ ಜಾಗವನ್ನೂ ಬಿಡಬೇಕಾಗಿ ಬಂದಾಗ ಔಂಧದ ರಾಜರು ನೆಲ ಕೊಟ್ಟರು. 1910ರಲ್ಲಿ ಆ ಬಂಜರಿನಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು.

1941ರಲ್ಲಿ, ಯುದ್ಧದ ನಡುವೆ, ಅದೇ ಮನೆತನ ನಮ್ಮ ತುಂಗಭದ್ರೆಯ ದಡದ ಹರಿಹರದಲ್ಲಿ ಲೇಥ್ ಕಾರ್ಖಾನೆ ಹೂಡಿತು. ಹರಿಹರವೆಂದರೆ ಹರಿಹರೇಶ್ವರನ ದೇವಸ್ಥಾನ ಎನ್ನುತ್ತಿದ್ದ ಜನ ಕಾರ್ಖಾನೆಯ ಹೆಸರನ್ನೂ ಜೊತೆಗೆ ಸೇರಿಸಿ ಹೇಳುವಂತಾಯಿತು. ಸುತ್ತಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅದರ ಸಂಬಳದಿಂದ. ಶತಮಾನ ತಿರುಗುವ ಹೊತ್ತಿಗೆ ಅದೂ ನಿಂತಿತು. ಅಲ್ಲಿ ತಯಾರಾದ ಲೇಥುಗಳು ಮಾತ್ರ ಇಂಥ ಸಣ್ಣ ಅಂಗಡಿಗಳಲ್ಲಿ ಇನ್ನೂ ತಿರುಗುತ್ತಿವೆ.

ಮೇಸ್ತ್ರಿಯ ಲೇಥಿಗೆ ಗುಜರಿಯವನು ಆಗಲೇ ಎರಡು ಸಲ ಬಂದು ಹೋಗಿದ್ದಾನೆ. ಮಗಳ ಕಾಲೇಜು ಫೀಸಿಗಾದರೂ ಆದೀತು, ಕೊಡಿ ಎಂಬುದು ಹೆಂಡತಿಯ ಮಾತು. ಇದು ಹೋದರೆ ಬೈಕು ಕಟ್ಟುವುದು ಹೇಗೆ ಎಂಬುದು ಗಂಡನದು. "ಮೇಡಂ, ನೀವಾದರೂ ಹೇಳಿ" ಎಂದು ಇಬ್ಬರೂ ನನ್ನ ಕಡೆ ತಿರುಗಿದರು. ಫೀಸಿನ ಕಷ್ಟ ದಿನವೂ ಶಾಲೆಯಲ್ಲಿ ನೋಡುವವಳು ನಾನು. ಆ ಸುರುಳಿ ಬೀಳುವ ಚಂದವನ್ನೂ ಈಗಷ್ಟೇ ನೋಡಿದ್ದೆ. ಏನೂ ಹೇಳಲು ತೋಚಲಿಲ್ಲ. ಮಗಳನ್ನು ಸಂಜೆ ನನ್ನ ಹತ್ತಿರ ಕಳಿಸಿ, ವಿದ್ಯಾರ್ಥಿವೇತನದ ಅರ್ಜಿ ಬರೆಯೋಣ ಎಂದಷ್ಟೇ ಹೇಳಿ, ನಿದ್ದೆಯ ಮಾತೆತ್ತದೆ ಮನೆಗೆ ಬಂದೆ.