ಮೀಠಿ ನದಿ

ಮುಂಬೈಯ ಸಾಲ್ಸೆಟ್ ದ್ವೀಪದಲ್ಲಿ ಹರಿಯುವ, ಸುಮಾರು 18 ಕಿ.ಮೀ. ಉದ್ದದ ನದಿ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರೇ ಇದರ ಮೂಲ. ಸಾಕಿನಾಕಾ, ಕುರ್ಲಾ, ಕಲೀನಾ, ಧಾರಾವಿಗಳನ್ನು ಹಾದು ಮಾಹಿಮ್ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದವರು ಇದನ್ನು ಚರಂಡಿ ಎಂದುಕೊಂಡರೆ ತಪ್ಪೇನಿಲ್ಲ.

ಮುಂಗಾರಿನಲ್ಲಿ ಕತೆಯೇ ಬೇರೆ. ಅರಬ್ಬೀ ಸಮುದ್ರದ ತೇವಗಾಳಿ ದಡಕ್ಕೆ ಬಂದು ಮಳೆ ಸುರಿಸುವಾಗಲೇ ಉಬ್ಬರವೂ ಏರಿದರೆ, ನದಿಯ ಬಾಯಿ ಕಟ್ಟಿದಂತಾಗುತ್ತದೆ. ತಗ್ಗಿನ ಮಳೆಗಾಲುವೆಗಳಿಂದ ನೀರು ಹೊರಹೋಗುವುದಿಲ್ಲ. ಸಮುದ್ರದ ನೀರೇ ಒಳನುಗ್ಗುತ್ತದೆ.

2005ರ ಜುಲೈ 26ರಂದು ಆದದ್ದು ಇದೇ. ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ನಗರದ ದಕ್ಷಿಣ ತುದಿ ಕೊಲಾಬಾದಲ್ಲಿ ಬಿದ್ದದ್ದು ಬರೀ 73 ಮಿ.ಮೀ.! ಆ ಮಧ್ಯಾಹ್ನ ದೊಡ್ಡ ಉಬ್ಬರವೂ ಇತ್ತು. ಕುರ್ಲಾ, ಕಲೀನಾಗಳ ಮನೆಗಳು ಮುಳುಗಿದವು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಜನ ಎದೆಮಟ್ಟದ ನೀರಿನಲ್ಲಿ ನಡೆದೇ ಮನೆ ಸೇರಿದರು.

ಪೂರ್ತಿ ದೋಷ ಆಕಾಶದ್ದಲ್ಲ. ಉಬ್ಬರದ ನೀರನ್ನು ಹೀರಿಕೊಳ್ಳುತ್ತಿದ್ದ ಕಾಂಡ್ಲಾ ಕಾಡು, ಜೌಗು ನೆಲದ ಮೇಲೆ ಬಾಂದ್ರಾ-ಕುರ್ಲಾ ಸಂಕೀರ್ಣ ಎದ್ದಿತ್ತು. ವಿಮಾನ ನಿಲ್ದಾಣದ ಬಳಿ ನದಿಯ ದಾರಿಯನ್ನೇ ತಿರುಗಿಸಲಾಗಿತ್ತು. ಪ್ರವಾಹದ ಬಳಿಕ ಮಹಾರಾಷ್ಟ್ರ ಸರ್ಕಾರ ನದಿಗೆ ಪ್ರತ್ಯೇಕ ಪ್ರಾಧಿಕಾರ ರಚಿಸಿತು. ಪಾತ್ರವನ್ನು ಅಗಲ, ಆಳಗೊಳಿಸಲಾಯಿತು. ಹೂಳೆತ್ತುವ ಕೆಲಸ ಈಗಲೂ ಪ್ರತಿ ಮಳೆಗಾಲಕ್ಕೆ ಮುಂಚೆ ನಡೆಯುತ್ತದೆ.